ಏಣಿ ಬೇಡದ ಬದನೆ

ಆ ಊರಿಗೆ ನಾನು ಹೋದದ್ದು ಗಿಡ ಅಳೆಯುವ ಕೆಲಸಕ್ಕೆ. ಬಸ್ಸು ಕೊನೆಯ ನಿಲ್ದಾಣದಲ್ಲಿ ನನ್ನನ್ನು ಇಳಿಸಿ ಹಿಂದಕ್ಕೆ ತಿರುಗಿತು. ಅಲ್ಲಿಂದ ಎರಡು ಗುಡ್ಡಗಳ ಸಂದಿಯಲ್ಲಿ ಒಂದು ಗಂಟೆ ನಡೆದೆ. ದೂರದಿಂದ ತೋಪು ಅಂದುಕೊಂಡದ್ದು ಹತ್ತಿರ ಹೋದ ಮೇಲೆ ಕೊತ್ತಂಬರಿ ಸೊಪ್ಪಿನ ಮಡಿ ಎಂದು ತಿಳಿಯಿತು. ಕಾಂಡ ನನ್ನ ತೊಡೆಗಿಂತ ದಪ್ಪ. ಮೇಲೆ ಒಬ್ಬ ಹೆಂಗಸು ಏಣಿಯ ತುದಿಯಲ್ಲಿ ನಿಂತು ಸಾರಿಗೆ ಬೇಕಾದಷ್ಟು ಸೊಪ್ಪು ಮುರಿಯುತ್ತಿದ್ದಳು. ಕೆಳಗೆ ಅವಳ ಗಂಡ ಏಣಿ ಹಿಡಿದುಕೊಂಡು, ನನ್ನ ಕಡೆ ತಿರುಗದೆಯೇ, "ಕಚೇರಿ ಎಡಕ್ಕೆ" ಅಂದ.

ಆ ಮಣ್ಣಿನಲ್ಲಿ ಏನು ಹಾಕಿದರೂ ಮೇಲಕ್ಕೇ ಹೋಗುತ್ತಿತ್ತು. ಬದನೆ ಹುಣಸೆಮರದ ಎತ್ತರ, ಅವರೆ ಅದಕ್ಕಿಂತ ಎತ್ತರ. ಕಾಯಿ ಮಾತ್ರ ಎಲ್ಲ ಊರಿನಂತೆ ಮುಷ್ಟಿಯಷ್ಟೇ. ಅದೂ ತುದಿಯಲ್ಲೇ ಬಿಡುವುದು. ಅದೇ ಬೀಜವನ್ನು ಗುಡ್ಡದ ಆಚೆ ಹಾಕಿದರೆ ಸಾಮಾನ್ಯ ಗಿಡ. ಯಾಕೆ ಹೀಗೆ ಎಂದು ಊರಿನವರು ಕೇಳಿಕೊಂಡದ್ದನ್ನು ನಾನು ಕೇಳಲಿಲ್ಲ. ಗಂಡು ನೋಡಲು ಬಂದವರು ಮಾತ್ರ ಮೊದಲು ಕೇಳುತ್ತಿದ್ದದ್ದು, "ಹುಡುಗ ಏಣಿ ಹೇಗೆ ಹಿಡೀತಾನೆ?"

ಏಣಿಗೆ ಅಲ್ಲಿ ಒಂದು ನಿಯಮವಿತ್ತು. ಒಬ್ಬರು ಹತ್ತಿದರೆ ಇನ್ನೊಬ್ಬರು ಹಿಡಿಯಲೇಬೇಕು. ಹತ್ತಿದವರು ಬಿದ್ದರೆ, ಹಿಡಿದವರು ಕೈ ಬಿಟ್ಟರು ಎಂದೇ ಲೆಕ್ಕ. ಅಂಥವರು ಬದುಕಿರುವ ತನಕ ಯಾರ ಏಣಿಯನ್ನೂ ಹಿಡಿಯುವ ಹಾಗಿಲ್ಲ, ಅವರ ಏಣಿಯನ್ನು ಯಾರೂ ಹಿಡಿಯುವ ಹಾಗಿಲ್ಲ. ಬೇರೆ ಶಿಕ್ಷೆ ಇರಲಿಲ್ಲ. ಆದರೆ ಹಾಗಾದವನು ತನ್ನ ಹಿತ್ತಿಲಿನ ಒಂದು ಹಿಡಿ ಹರಿವೆ ಸೊಪ್ಪನ್ನೂ ತಾನೇ ಕಿತ್ತು ತಿನ್ನಲಾರ.

ನನಗೆ ಕಚೇರಿಯವರು ಗೊತ್ತು ಮಾಡಿಕೊಟ್ಟದ್ದು ದೇವೀರಮ್ಮನ ಮನೆಯ ಮುಂದಿನ ಕೋಣೆ. ಆಕೆಗೆ ಆಗ ಮೂವತ್ತೆಂಟು ಇರಬಹುದು. ಗಂಡ ಚೆಲುವಯ್ಯ ಮೂರು ವರ್ಷದ ಹಿಂದೆ ಹಿತ್ತಿಲಿನ ಬದನೆ ಗಿಡದಿಂದ ಬಿದ್ದು ತೀರಿಕೊಂಡಿದ್ದ. ಆ ದಿನ ಏಣಿ ಹಿಡಿದಿದ್ದವನು ಚೆಲುವಯ್ಯನ ತಮ್ಮ ಬೋರಯ್ಯ. ಅವನಿದ್ದದ್ದು ಪಕ್ಕದ ಮನೆಯಲ್ಲೇ. ನಡುವೆ ಒಂದೇ ಗೋಡೆ. ಅವನು ಕೆಮ್ಮಿದರೆ ಇವಳಿಗೆ ಕೇಳುತ್ತಿತ್ತು, ಇವಳು ಒಗ್ಗರಣೆ ಹಾಕಿದರೆ ಅವನಿಗೆ ಘಾಟು ಹೋಗುತ್ತಿತ್ತು. ಮೂರು ವರ್ಷದಿಂದ ಒಂದು ಮಾತಿಲ್ಲ. ಅವನ ಹೆಸರನ್ನೂ ಆಕೆ ಹೇಳುತ್ತಿರಲಿಲ್ಲ. "ಆ ಮನೆಯವರು" ಅನ್ನುತ್ತಿದ್ದಳು. ಬೋರಯ್ಯ ಏಣಿ ಕಟ್ಟುವುದರಲ್ಲಿ ಊರಿಗೇ ಒಳ್ಳೆಯ ಕೈ. ಹಿಡಿಯುವ ಹಾಗಿಲ್ಲ ನಿಜ, ಕಟ್ಟುವುದಕ್ಕೆ ಅಡ್ಡಿ ಇರಲಿಲ್ಲ. ಏಣಿ ಒಯ್ದವರು ತರಕಾರಿ ಕೊಡುತ್ತಿದ್ದರು; ಅದರಲ್ಲೇ ಅವನ ಬದುಕು. ಮದುವೆ ಆಗಿರಲಿಲ್ಲ. ಅಣ್ಣ ಸತ್ತ ಮೇಲೆ ಆ ಮಾತನ್ನು ಎತ್ತುವವರೂ ಇರಲಿಲ್ಲ.

ನಮ್ಮ ಕಚೇರಿಯ ಮುಖ್ಯಸ್ಥೆ ಸುಭಾಷಿಣಿ ಮೇಡಂ. ಐದು ವರ್ಷದಿಂದ ಗಾಜಿನ ಮನೆಯೊಳಗೆ ಒಂದು ಬದನೆಯನ್ನು ತಯಾರು ಮಾಡುತ್ತಿದ್ದರು. ನಾನು ಹೋದ ತಿಂಗಳಲ್ಲೇ ಊರಿನವರನ್ನು ಕರೆಸಿ, ಕುಂಡದಲ್ಲಿದ್ದ ಗಿಡವೊಂದನ್ನು ಮೇಜಿನ ಮೇಲಿಟ್ಟರು. ಎರಡು ಮೊಳ ಎತ್ತರ, ಹತ್ತು ಹನ್ನೆರಡು ಕಾಯಿ.

"ಎತ್ತರಕ್ಕೆ ಹೋಗು ಅಂತ ಗಿಡದೊಳಗೇ ಒಂದು ಅಪ್ಪಣೆ ಇರ್ತದೆ. ಇದರಲ್ಲಿ ಆ ಅಪ್ಪಣೆನ ಅಳಿಸಿದ್ದೀವಿ. ನಿಮ್ಮ ಮಣ್ಣಲ್ಲೇ ಬೆಳೆದದ್ದು ಇದು. ಇದಕ್ಕೆ ಏಣಿ ಬೇಡ" ಅಂದರು ಮೇಡಂ.

"ಹಾಗಾದ್ರೆ ಬಗ್ಗಿ ಕೀಳ್ಬೇಕಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ಹಿರಿಯ ಗವಿರಂಗಯ್ಯನವರು ಊರಿನ ಯಜಮಾನರು. ಗಿಡದ ನೆತ್ತಿಯ ಮೇಲೆ ಅಂಗೈ ಇಟ್ಟು, "ಕಾಯಿಲೆ ಗಿಡದ ಹಾಗಿದೆ ಕಣಮ್ಮ" ಅಂದರು.

ದೇವೀರಮ್ಮ ಎದ್ದು ನಿಂತಳು. "ನನ್ನ ಹಿತ್ತಿಲಿಗೆ ಹಾಕಿ. ಪೂರ್ತಿ ಹಿತ್ತಿಲು ಕೊಡ್ತೀನಿ."

ಗಂಡ ಬಿದ್ದ ಜಾಗದಲ್ಲೇ ಆಕೆ ಮೊದಲ ಸಸಿ ನೆಟ್ಟಳು. ನಾನು ದಿನಾ ಬೆಳಿಗ್ಗೆ ಅಳೆಯುತ್ತಿದ್ದೆ. ಎರಡು ಮೊಳಕ್ಕೆ ಬಂದು ಗಿಡಗಳು ನಿಂತವು. ಹೂವಾಯಿತು, ಕಾಯಿ ಕಚ್ಚಿತು. ಮೊದಲ ಕೊಯ್ಲಿನ ದಿನ ದೇವೀರಮ್ಮ ಅಡುಗೆಮನೆಯ ಮಣೆ ತಂದು ಹಾಕಿಕೊಂಡು, ಗಿಡದಿಂದ ಗಿಡಕ್ಕೆ ಮಣೆ ಸರಿಸುತ್ತಾ ಕೂತಲ್ಲೇ ಒಂದು ಬುಟ್ಟಿ ಕಿತ್ತಳು. ಆಮೇಲೆ ಎದ್ದು ಕತ್ತೆತ್ತಿದಳು. ಆ ಹಿತ್ತಿಲಿಗೆ ಆಕೆ ಮದುವೆಯಾಗಿ ಬಂದಾಗಿನಿಂದ ನೇರ ಬಿಸಿಲು ಬಿದ್ದಿರಲಿಲ್ಲವಂತೆ. ಕಣ್ಣಿಗೆ ಕೈ ಅಡ್ಡ ಹಿಡಿದು, "ಇಲ್ಲಿ ಹಪ್ಪಳ ಒಣಗಿಸಬಹುದು" ಅಂದಳು. ಅಷ್ಟೇ ಅಂದದ್ದು. ಆದರೆ ಆ ದಿನ ಎರಡು ಬಗೆಯ ಪಲ್ಯ ಮಾಡಿದಳು, ಅಕ್ಕಪಕ್ಕದ ಮನೆಗಳಿಗೆಲ್ಲ ಬದನೆಕಾಯಿ ಹಂಚಿದಳು. ಒಂದು ಮನೆ ಬಿಟ್ಟು.

ಮುಂದಿನ ಬೆಳೆಗೆ ಊರಿಗೆ ಊರೇ ಗಿಡ್ಡ ಬದನೆ ಹಾಕಿತು. ಗಿಡ್ಡ ಹರಿವೆ, ಗಿಡ್ಡ ಅವರೆಯೂ ಬಂದವು. ಮುದುಕಿಯರು ತಾವೇ ಹೋಗಿ ಸೊಪ್ಪು ಕಿತ್ತು ತಂದರು. ಸೊಸೆಯನ್ನೋ ಮಗನನ್ನೋ ಕರೆಯುವ ಕೆಲಸ ತಪ್ಪಿತು. ಗಂಡ ಹೆಂಡತಿ ಜಗಳ ಆಡಿದ ದಿನವೂ ಅಡುಗೆ ನಿಲ್ಲುತ್ತಿರಲಿಲ್ಲ. ಮೊದಲಾದರೆ ಜಗಳ ಮುಗಿಯುವ ತನಕ ಸಾರಿಗೆ ಸೊಪ್ಪಿಲ್ಲ, ಯಾಕೆಂದರೆ ಕೋಪದಲ್ಲಿದ್ದವರ ಕೈಗೆ ಏಣಿ ಕೊಟ್ಟು ಹತ್ತುವವರು ಯಾರು? ಏಣಿಗಳನ್ನು ಅಡ್ಡ ಹಾಕಿ ದನಕ್ಕೆ ಬೇಲಿ ಮಾಡಿದರು. ಕೆಲವರು ಎರಡು ಕಲ್ಲಿನ ಮೇಲೆ ಮಲಗಿಸಿ ಬಟ್ಟೆ ಒಣಹಾಕಿದರು.

ಬೋರಯ್ಯನ ಬಾಗಿಲಿಗೆ ಜನ ಬರುವುದು ನಿಂತಿತು. ಅವನು ಬುಟ್ಟಿ ಹೆಣೆಯಲು ಕೂತ. ಏಣಿಗೆ ಪಳಗಿದ ಕೈ. ಬುಟ್ಟಿಗಳೆಲ್ಲ ಉದ್ದುದ್ದ ಬಂದು ಯಾರಿಗೂ ಬೇಡವಾದವು. ಒಂದು ದಿನ ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ: "ಅಳತೆಯವರೇ, ಇವು ಇನ್ನೂ ಎತ್ತರ ಆಗೋದೇ ಇಲ್ವಾ?"

"ಇಲ್ಲ ಬೋರಯ್ಯ. ಒಂದು ವರ್ಷದಿಂದ ನೋಡ್ತಿದ್ದೀನಲ್ಲ."

"ಆಗ್ದಿದ್ರೆ ಒಳ್ಳೇದೇ ಬಿಡಿ" ಅಂದ. ವ್ಯಂಗ್ಯವಿರಲಿಲ್ಲ. "ನಮ್ಮತ್ತಿಗೆ ಹಿತ್ತಿಲಲ್ಲಿ ಒಬ್ರೇ ಓಡಾಡ್ತಾರೆ ಈಗ. ಗೋಡೆ ಈಚೆ ಕೇಳಿಸ್ತದೆ, ಹಾಡ್ಕೊತಾರೆ."

ನನ್ನ ಅಳತೆಯಲ್ಲಿ ಒಂದು ವಿಷಯ ಮಾತ್ರ ಕೂಡಿ ಬರುತ್ತಿರಲಿಲ್ಲ. ದೇವೀರಮ್ಮನ ಹಿತ್ತಿಲಿನ ಗಿಡದ ಎಲೆ ಕುಂಡದ ಗಿಡದ ಎಲೆಗಿಂತ ಕಡುಹಸಿರು, ದಪ್ಪ ದೋಸೆಯ ಹಾಗೆ. ಕಾಂಡ ಉದ್ದವಾಗದೆ ಬುಡದಲ್ಲಿ ಊದಿಕೊಳ್ಳುತ್ತಿತ್ತು. ನೀರು ಎಷ್ಟು ಬಿಟ್ಟರೂ ಮಧ್ಯಾಹ್ನದ ಹೊತ್ತಿಗೆ ಮಡಿ ಒಣಗಿರುತ್ತಿತ್ತು. ನಾನು ಇದನ್ನೆಲ್ಲ ಬರೆದು ಮೇಡಂಗೆ ಕೊಟ್ಟೆ. ಎತ್ತರ ಅಳೆಯುವುದಕ್ಕೆ ನನ್ನನ್ನು ಇಟ್ಟುಕೊಂಡಿದ್ದರು, ಎತ್ತರ ಸರಿಯಾಗಿತ್ತು. ಹೀಗಾಗಿ ನಾನು ಬರೆದದ್ದು ಕೆಲವು ತಿಂಗಳು ಅವರ ಮೇಜಿನ ಮೇಲೇ ಉಳಿಯಿತು.

ಎರಡನೆಯ ವರ್ಷದ ಬೇಸಿಗೆಯಲ್ಲಿ ದೇವೀರಮ್ಮನ ಅಡುಗೆಮನೆಯ ಒರಳುಕಲ್ಲು ವಾಲಿತು. ಹಿಟ್ಟು ರುಬ್ಬಲು ಕೂತರೆ ಒಂದೇ ಕಡೆಗೆ ಜಾರುತ್ತಿತ್ತು. ಬುಡಕ್ಕೆ ಚೂರು ಕಲ್ಲು ಕೊಟ್ಟು ನಿಲ್ಲಿಸಿದಳು. ವಾರಕ್ಕೆ ಮತ್ತೆ ವಾಲಿತು. ನಾನೂ ಆಕೆಯೂ ಚಪ್ಪಡಿ ಎಬ್ಬಿಸಿ ನೋಡಿದೆವು. ಕೆಳಗೆ ತೋಳುಗಾತ್ರದ ಬೇರುಗಳು, ನುಣುಪಾಗಿ, ಬೆಳ್ಳಗೆ, ಒಂದರ ಮೇಲೊಂದು ಹಾದು ಹೋಗಿದ್ದವು. ಹಿತ್ತಿಲಿನ ಬದನೆಯಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ.

ಸುಭಾಷಿಣಿ ಮೇಡಂ ಬಂದು ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದರು. ಗಾಜಿನ ಮನೆಯಲ್ಲಿ ಗಿಡವಿದ್ದದ್ದು ಒಂದು ಮೊಳ ಆಳದ ಕುಂಡದಲ್ಲಿ. ಕುಂಡದ ತಳ ಮುಟ್ಟಿದ ಬೇರು ಅಲ್ಲೇ ನಿಂತಿತ್ತು, ಗಿಡವೂ ತೆಪ್ಪಗಿತ್ತು. ಇಲ್ಲಿ ತಳವಿಲ್ಲ.

"ಮೇಲೆ ಹೋಗೋದನ್ನ ನಿಲ್ಲಿಸಿದ್ವಿ" ಅಂದರು ಕೊನೆಗೆ. "ಬೆಳೆಯೋದನ್ನ ನಿಲ್ಲಿಸ್ಲಿಲ್ಲ."

"ಅಂದ್ರೆ ಈಗ?" ಎಂದು ದೇವೀರಮ್ಮ ಕೇಳಿದಳು.

"ಮೂವತ್ತಡಿ ಮೇಲೆ ಹೋಗ್ಬೇಕಾದದ್ದು ಕೆಳಗೆ ಹೋಗಿದೆ ದೇವೀರಮ್ಮ. ತಪ್ಪು ನನ್ನದು. ನೆಲದಲ್ಲಿ ಹಾಕಿ ನೋಡ್ಬೇಕಿತ್ತು, ಅದೂ ನಿಮ್ಮ ಹಿತ್ತಿಲಿಗೆ ಮುಂಚೆ ನನ್ನದರಲ್ಲಿ."

ಆ ತಿಂಗಳಲ್ಲಿ ಬಾವಿಗಳು ಒಂದೊಂದಾಗಿ ಬತ್ತಿದವು. ಬೇರು ಬಾವಿಯ ಕಲ್ಲುಕಟ್ಟಡದ ಸಂದಿಯಿಂದ ಒಳಗೆ ನುಗ್ಗಿ, ತಳದಲ್ಲಿ ಚಾಪೆಯ ಹಾಗೆ ಹಾಸಿಕೊಂಡು, ನೀರು ಒಸರುವ ಊಟೆಯ ಬಾಯಲ್ಲೇ ಎಲ್ಲವನ್ನೂ ಹೀರುತ್ತಿತ್ತು. ಗಿಡ ಕಿತ್ತರೂ ಬೇರಿನ ತುಂಡು ಬದುಕಿಯೇ ಇರುತ್ತಿತ್ತು. ಇಳಿದು ಕಡಿಯದೆ ಬೇರೆ ದಾರಿ ಇರಲಿಲ್ಲ. ಬೇಲಿಯಾಗಿದ್ದ ಏಣಿಗಳನ್ನು ಜನ ಬಿಚ್ಚಿ ತಂದರು. ಮಳೆ ಬಿಸಿಲು ಕಂಡು ಎಷ್ಟೋ ಏಣಿಗಳು ಲಡ್ಡಾಗಿದ್ದವು. ಬೋರಯ್ಯನ ಬಾಗಿಲಿಗೆ ಜನ ಮತ್ತೆ ಬಂದರು. ಅವನು ಹಗಲಿಡೀ ಬಿದಿರು ಸೀಳುತ್ತಿದ್ದ.

ದೇವೀರಮ್ಮನ ಬಾವಿ ಎಲ್ಲಕ್ಕಿಂತ ಆಳ, ಐದಾಳುದ್ದ. ಬೇರು ಮೊದಲು ಬಂದದ್ದೂ ಅಲ್ಲಿಗೇ. ಮೂರು ದಿನದಿಂದ ಕೊಡ ಇಳಿಸಿದರೆ ಕೆಸರು ಬರುತ್ತಿತ್ತು. ಇಳಿಯುವ ಗಂಡಸರೆಲ್ಲ ತಂತಮ್ಮ ಬಾವಿಯಲ್ಲಿದ್ದರು. ನಾನು ಇಳಿಯುತ್ತೇನೆ ಎಂದೆ. ಆಕೆ ನನ್ನ ಕೈಗಳನ್ನು ನೋಡಿ, "ನೀವು ಬರೆಯೋರು" ಅಂದಳು. ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತಿದ್ದಳು. ಆಮೇಲೆ ಎದ್ದು ಪಕ್ಕದ ಮನೆಯ ಬಾಗಿಲಿಗೆ ಹೋದಳು. ಒಳಗೆ ಕಾಲಿಡಲಿಲ್ಲ.

"ನನ್ನ ಬಾವಿಗೆ ಇಳೀಬೇಕು" ಅಂದಳು.

ಬೋರಯ್ಯ ಕೈಯಲ್ಲಿದ್ದ ಬಿದಿರನ್ನು ಕೆಳಗಿಟ್ಟ. "ಇಳೀತೀನಿ ಅತ್ತಿಗೆ. ಹಿಡಿಯೋರು ಯಾರು?"

"ನಾನು."

"ನನ್ನ ಏಣಿನ ಯಾರೂ ಹಿಡಿಯಂಗಿಲ್ವಲ್ಲ."

"ನಿಯಮ ಹತ್ತೋದಕ್ಕೆ ಇರೋದು. ಇದು ಇಳಿಯೋದು" ಅಂದಳು ದೇವೀರಮ್ಮ. ಆ ಮಾತು ನಿಲ್ಲುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಳಿದವನು ಹತ್ತಿಯೇ ಬರಬೇಕು.

ಅವನು ಹೊಸ ಏಣಿಯನ್ನು ಬಾವಿಗೆ ಇಳಿಸಿದ. ಕಟ್ಟೆಯ ಮೇಲೆ ಮೂರು ಮೆಟ್ಟಿಲಿನಷ್ಟು ಹೊರಗೆ ಉಳಿಯಿತು. ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಟ್ಟೆಗೆ ಮಂಡಿ ಒತ್ತಿ, ಎರಡು ಕೈಯಲ್ಲೂ ಏಣಿಯ ಪಕ್ಕದ ಬಿದಿರುಗಳನ್ನು ಹಿಡಿದಳು. ಬೋರಯ್ಯ ಹಲ್ಲಿನಲ್ಲಿ ಮಚ್ಚು ಕಚ್ಚಿಕೊಂಡು ಇಳಿದ. ನಾನು ಪಕ್ಕದಲ್ಲಿ ನಿಂತು ಬಗ್ಗಿ ನೋಡುತ್ತಿದ್ದೆ. ಗೋಡೆಯ ಸಂದಿಯಿಂದ ಇಳಿಬಿದ್ದಿದ್ದ ಬೇರುಗಳನ್ನು ಮೊದಲು ಸವರಿದ. ತಳದ ಚಾಪೆಗೆ ಮಚ್ಚು ಹಾಕಿದ. ಕೆಳಗೆ ಎಲ್ಲೋ ನೀರು ಒಸರುವ ಸದ್ದು ಕೇಳಿತು. "ಬಂತು ಅತ್ತಿಗೆ, ಊಟೆ ಬಿಡ್ತು!" ಎಂದು ಕೂಗಿ ಮೇಲೆ ಹತ್ತತೊಡಗಿದ.

ಅರ್ಧ ಹತ್ತಿದ್ದ. ಏಣಿಯ ಕಾಲು ಊರಿದ್ದದ್ದು ಮಣ್ಣಿನ ಮೇಲಲ್ಲ, ಅವನೇ ಕಡಿದು ಸಡಿಲ ಮಾಡಿದ್ದ ಬೇರಿನ ಮೇಲೆ. ನೀರು ತುಂಬಿದ ಹಾಗೆ ಬೇರು ಕದಲಿತು. ಏಣಿ ಒಮ್ಮೆಲೇ ಕೆಳಗೆ ಕುಸಿದು ತಿರುಚಿಕೊಂಡಿತು. ದೇವೀರಮ್ಮ ಕೈ ಬಿಡಲಿಲ್ಲ. ಬಿದಿರು ಆಕೆಯ ಮುಷ್ಟಿಯೊಳಗಿಂದಲೇ ಸರ್ರನೆ ಜಾರಿತು. ಏಣಿಯ ಜೊತೆ ಆಕೆಯೂ ಕಟ್ಟೆಯ ಮೇಲೆ ಹೊಟ್ಟೆ ಅಡಿಯಾಗಿ ಜಾರಿದಳು. ನಾನು ಹಿಂದಿನಿಂದ ಸೊಂಟ ಹಿಡಿದು ನಿಲ್ಲಿಸಿದೆ. ಕೆಳಗೆ ಬಿದ್ದ ಸದ್ದಾಯಿತು.

"ಬೋರಯ್ಯಾ!" ಎಂದು ಕೂಗಿದಳು. ಐದು ವರ್ಷದಲ್ಲಿ ಆ ಹೆಸರು ಆಕೆಯ ಬಾಯಲ್ಲಿ ಬಂದದ್ದು ಅದೇ ಮೊದಲು.

ಅವನು ಬದುಕಿದ್ದ. ಕೆಸರು ಕಾಪಾಡಿತ್ತು, ಎಡಗಾಲು ಮುರಿದಿತ್ತು. ಓಡಿಬಂದ ಜನ ಹಗ್ಗ ಬಿಟ್ಟು ಮೇಲೆತ್ತಿದರು. ಅಷ್ಟೂ ಹೊತ್ತು ನಾನು ಏನು ಮಾಡುತ್ತಿದ್ದೆ ಎಂದು ಹೇಳಲು ನನಗೆ ಈಗಲೂ ಸಂಕೋಚ. ಕಟ್ಟೆಯ ಕಲ್ಲಿಗೆ ಏಣಿ ಉಜ್ಜಿದ ಗುರುತನ್ನು ಅಳೆಯುತ್ತಿದ್ದೆ. ಒಂದು ಮೊಳ ನಾಲ್ಕು ಬೆರಳು ಕುಸಿದಿತ್ತು.

ಎರಡು ದಿನ ಬಿಟ್ಟು ಗವಿರಂಗಯ್ಯನವರು ಕಚೇರಿಯ ಮುಂದೆ ಜನ ಸೇರಿಸಿದರು. ಹಿಡಿಯಬಾರದವನ ಏಣಿಯನ್ನು ಹಿಡಿದದ್ದು ಒಂದು, ಹಿಡಿದು ಬೀಳಿಸಿದ್ದು ಇನ್ನೊಂದು. ಬೋರಯ್ಯನನ್ನು ಮಂಚದ ಸಮೇತ ಹೊತ್ತು ತಂದಿದ್ದರು. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿತ್ತು. ಯಜಮಾನರು ಮೊದಲು ನನ್ನನ್ನು ಕೇಳಿದರು. ನಾನು ಅಳತೆ ಹೇಳಿದೆ, ಬೇರಿನ ವಿಷಯ ಹೇಳಿದೆ. ಆಕೆ ಕೈ ಬಿಟ್ಟದ್ದನ್ನು ನಾನು ನೋಡಲಿಲ್ಲ ಎಂದೆ.

ದೇವೀರಮ್ಮ ಮುಂದೆ ಬಂದು ಎರಡು ಅಂಗೈಯನ್ನೂ ಬಿಚ್ಚಿ ಹಿಡಿದಳು. ಚರ್ಮ ಸುಲಿದು, ಹಚ್ಚಿದ ಅರಿಶಿನದ ಅಡಿಯಲ್ಲಿ ಮಾಂಸ ಕಾಣುತ್ತಿತ್ತು.

"ನನ್ನ ಕೈ ವಿಷ್ಯ ಹಂಗಿರ್ಲಿ ಯಜಮಾನ್ರೇ" ಅಂದಳು. "ನಮ್ಮನೆಯವರನ್ನ ಮಣ್ಣು ಮಾಡಿದ ದಿನ ಬೋರಯ್ಯನ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ನೀವೂ ನೋಡಿದ್ರಿ, ನಾನೂ ನೋಡ್ದೆ. ಬಂದ ಜನದ ಮುಂದೆ ನಾಟಕ ಆಡ್ತವನೆ ಅಂದ್ಕೊಂಡೆ. ಕೈ ಬಿಟ್ಟವನ ಅಂಗೈ ಯಾಕೆ ಸುಲೀತದೆ? ಮೊನ್ನೆ ತನಕ ನನಗೆ ಹೊಳೀಲಿಲ್ಲ."

ಆಕೆ ಕೂತುಕೊಳ್ಳಬಹುದಿತ್ತು. ಕೂರಲಿಲ್ಲ.

"ಇನ್ನೊಂದು ಇದೆ. ನಮ್ಮನೆಯವರು ಬಿದ್ದ ದಿನ ಬೆಳಿಗ್ಗೆ ಬದನೆ ಮಡಿಗೆ ನೀರು ಕಟ್ಟಿದ್ದು ನಾನು. ಅವರು ಏಣಿ ಊರಿದ್ದು ಅದೇ ಮಡೀಲಿ. ನೆಲ ಹಸಿಯಾಗಿತ್ತು. ನನಗೆ ಗೊತ್ತಿತ್ತು ನೆಲ ಹಸಿಯಾಗಿದೆ ಅಂತ. ಬಿದ್ದಮೇಲೆ ಏಣಿ ಕಾಲಿನ ಗುಳಿ ನೋಡಿದ್ದೆ. ಅದನ್ನ ಗುದ್ದಲಿ ತಗೊಂಡು ಮುಚ್ಚಿದ್ದೂ ನಾನೇ. ಯಾಕೆ ಮುಚ್ತಿದ್ದೀನಿ ಅಂತ ನನ್ನನ್ನೇ ನಾನು ಕೇಳ್ಕೊಳ್ಳಿಲ್ಲ."

ಗವಿರಂಗಯ್ಯನವರು ತಲೆ ತಗ್ಗಿಸಿ ಕೂತರು. ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದರು. ಮಂಚದ ಮೇಲಿಂದ ಬೋರಯ್ಯ ಮೊಣಕೈ ಊರಿ ಎದ್ದ.

"ಅವತ್ತು ಅತ್ತಿಗೆಯವರ ನೀರಿನ ಸರದಿ" ಎಂದು ಯಜಮಾನರಿಗೆ ಹೇಳಿದ. "ಕಟ್ಟದೆ ಇನ್ನೇನ್ ಮಾಡ್ತಿದ್ರು?"

ನಿಯಮವನ್ನು ಆ ದಿನ ಯಾರೂ ತೆಗೆದುಹಾಕಲಿಲ್ಲ. ಊರಿನವರು ಅಷ್ಟು ಬೇಗ ಏನನ್ನೂ ಬಿಡುವವರಲ್ಲ. ಇವರಿಬ್ಬರ ಮೇಲೆ ಅದು ಇಲ್ಲ ಎಂದು ಮಾತ್ರ ತೀರ್ಮಾನವಾಯಿತು. ಏಣಿ ಹಿಡಿಯುವ ಮುಂಚೆ ನೆಲವನ್ನು ತುಳಿದು ನೋಡಬೇಕು ಎಂದು ಒಂದು ಮಾತು ಸೇರಿಸಿದರು. ಮಳೆಗಾಲದ ಹೊತ್ತಿಗೆ ಹೊಲಗಳಲ್ಲಿ ಹಳೆಯ ಎತ್ತರದ ಗಿಡಗಳು ಮತ್ತೆ ಬಂದವು. ಗಿಡ್ಡ ಬದನೆಯನ್ನು ಕಲ್ಲಿನ ತೊಟ್ಟಿಗಳಲ್ಲಿ ಮಾತ್ರ ಹಾಕಿದರು. ತೊಟ್ಟಿಯ ತಳ ಮುಟ್ಟಿದ ಬೇರು ನಿಲ್ಲುತ್ತಿತ್ತು. ಕಾಯಿ ಸ್ವಲ್ಪ ಕಡಿಮೆ. ಹತ್ತಲಾಗದ ಮುದುಕಿಯರಿಗೆ, ಹಿಡಿಯಲು ಯಾರೂ ಇಲ್ಲದ ಮನೆಯವರಿಗೆ ಅಷ್ಟು ಸಾಕಾಗುತ್ತಿತ್ತು. ಸುಭಾಷಿಣಿ ಮೇಡಂ ತಮ್ಮ ಮನೆಯ ಅಂಗಳವನ್ನೇ ಅಗೆಸಿ, ಮುಂದಿನ ಗಿಡಗಳನ್ನು ಅಲ್ಲಿ ಹಾಕಿದರು. ಬೇರು ಅಳೆಯಲು ಇನ್ನೊಬ್ಬರನ್ನು ಕರೆಸಿದರು. ನನಗೆ ಬೇರೆ ಕಡೆಗೆ ವರ್ಗವಾಯಿತು.

ಹೊರಡುವ ದಿನ ಮಧ್ಯಾಹ್ನ ದೇವೀರಮ್ಮ ಊಟಕ್ಕೆ ಎರಡು ಎಲೆ ಹಾಕಿದ್ದಳು. ಬೋರಯ್ಯ ಕೋಲೂರಿಕೊಂಡು ಬಂದು, ಕಾಲು ಮಡಚಲಾಗದೆ ಗೋಡೆಗೆ ಒರಗಿ ಕೂತ. ರಾಗಿಮುದ್ದೆ, ಅವರೆಕಾಳಿನ ಸಾರು. ಅರ್ಧ ಊಟವಾದ ಮೇಲೆ ಆಕೆ ಕೇಳಿದಳು. ಕೇಳಬೇಕೆಂದು ಎಷ್ಟು ದಿನದಿಂದ ಇಟ್ಟುಕೊಂಡಿದ್ದಳೋ.

"ಅವತ್ತೇ ನೀನ್ಯಾಕೆ ಹೇಳ್ಲಿಲ್ಲ, ಕೈ ಬಿಡ್ಲಿಲ್ಲ ಅಂತ?"

ಬೋರಯ್ಯ ಬಾಯಿಗೆ ತೆಗೆದುಕೊಂಡದ್ದನ್ನು ನುಂಗಿದ.

"ಮೊದಲ್ನೇ ವಾರ ಎಲ್ರಿಗೂ ಹೇಳ್ದೆ ಅತ್ತಿಗೆ. ಯಾರೂ ನಂಬ್ಲಿಲ್ಲ. ಆಮೇಲೆ ನಾನೂ ನಂಬ್ದೆ ಹೋದೆ. ಬಿಟ್ಟೇ ಇರ್ಬೇಕು ಅನ್ನಿಸ್ತು. ಕಣ್ಣು ಮುಚ್ಚಿದ್ರೆ ಬಿಡ್ತಿರೋದೇ ಕಾಣೋದು. ಕಚೇರಿ ಮುಂದೆ ನೀವು ಕೈ ತೋರ್ಸೋವರ್ಗೂ ನನ್ನ ಕೈ ಸುಲಿದಿತ್ತು ಅನ್ನೋದೇ ಮರ್ತುಹೋಗಿತ್ತು."

ದೇವೀರಮ್ಮ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಆಮೇಲೆ ಅವನ ಎದುರಿಗೆ ಕೂತು, ಅವನ ಎಡಗೈಯನ್ನು ಹಿಡಿದು ಅಂಗೈ ಮೇಲೆ ಮಾಡಿ, ಬೆಳಕಿಗೆ ತಿರುಗಿಸಿ ನೋಡಿದಳು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಒಂದು ಹಳೆಯ ಬಿಳಿ ಗೆರೆ ಇತ್ತು. ನಾನು ಎಲೆಯ ಕಡೆ ನೋಡುತ್ತಾ ಊಟ ಮುಗಿಸಿದೆ.